ಪುಟವಿನ್ಯಾಸದ ತಂತ್ರಾಂಶಕ್ಕೆ ಸ್ಕ್ರಿಪ್ಟ್ ಬರೆಯುವುದು: ಮೊದಲು ನೋಡುವ ಸ್ಕ್ರಿಪ್ಟ್, ಆಮೇಲೆ ತಿದ್ದುವ ಸ್ಕ್ರಿಪ್ಟ್

ಮುನ್ನೂರು ಪುಟಗಳ ಪುಸ್ತಕದ ವಿನ್ಯಾಸ ಮುಗಿದ ಮೇಲೆ, ಪಿಡಿಎಫ್ ತೆಗೆಯುವ ಮುನ್ನ, ಯಾವ ಫ್ರೇಮಿನ ಮೂಲೆಯಲ್ಲಾದರೂ ಓವರ್‌ಸೆಟ್ (ಜಾಗ ಸಾಲದೆ ಪಠ್ಯ ಹೊರಗೆ ಉಳಿದಿರುವುದು) ಸೂಚಿಸುವ ಕೆಂಪು ಕೂಡುಗುರುತು ಉಳಿದಿದೆಯೇ ಎಂದು ಒಂದೊಂದೇ ಪುಟ ತಿರುವಿ ನೋಡುವ ಕೆಲಸ ಡಿಟಿಪಿಯಲ್ಲಿ ತೊಡಗಿದವರಿಗೆಲ್ಲ ಗೊತ್ತು. ಇದರಲ್ಲಿ ಬುದ್ಧಿಗಿಂತ ತಾಳ್ಮೆಯೇ ಹೆಚ್ಚು ಖರ್ಚಾಗುತ್ತದೆ, ತಾಳ್ಮೆ ಮುಗಿದ ಪುಟದಲ್ಲೇ ತಪ್ಪು ಕೂತಿರುತ್ತದೆ. ಸ್ಕ್ರಿಪ್ಟ್ ಎಂಬುದು ಈ ತಿರುವಿ ನೋಡುವ ಕೆಲಸವನ್ನು ತಂತ್ರಾಂಶಕ್ಕೇ ಒಪ್ಪಿಸುವ ಚಿಕ್ಕ ಬರಹ. ಅದನ್ನು ಬರೆಯಲು ಕಲಿಯಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಕಡತವನ್ನು ತಿದ್ದುವ ಸ್ಕ್ರಿಪ್ಟಿಗೆ ಕೈಹಾಕುತ್ತಾರೆ, ಮತ್ತು ಹೆಚ್ಚಿನವರು ಅಲ್ಲೇ ಹೆದರಿ ನಿಲ್ಲುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದದ್ದು. ಮೊದಲ ಕೆಲವು ವಾರ ಕಡತದ ಒಂದಕ್ಷರವನ್ನೂ ಮುಟ್ಟದೆ, ಬರೀ ನೋಡಿ ವರದಿ ಕೊಡುವ ಸ್ಕ್ರಿಪ್ಟುಗಳನ್ನೇ ಬರೆಯಿರಿ. ಕಡತದ ಒಳರಚನೆ ಪರಿಚಯವಾಗುವುದು ಹಾಗೆಯೇ, ತಪ್ಪಿದರೆ ಹಾಳಾಗುವುದೂ ಏನಿಲ್ಲ.

ಯಾವ ಭಾಷೆ ಕಲಿಯಬೇಕು ಎಂಬುದನ್ನು ನೀವು ಬಳಸುವ ತಂತ್ರಾಂಶವೇ ಬಹುಪಾಲು ತೀರ್ಮಾನಿಸುತ್ತದೆ. 1999ರಲ್ಲಿ ಹೊರಬಂದ ಅಡೋಬಿ ಇಂಡಿಸೈನ್‌ನಲ್ಲಿ ಮ್ಯಾಕ್‌ನವರಿಗೆ ಆ್ಯಪಲ್‌ಸ್ಕ್ರಿಪ್ಟ್, ವಿಂಡೋಸ್‌ನವರಿಗೆ ವಿಬಿಸ್ಕ್ರಿಪ್ಟ್, ಎರಡೂ ಕಡೆ ನಡೆಯುವಂತೆ ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಎಂಬ ಜಾವಾಸ್ಕ್ರಿಪ್ಟ್ ಇವೆ. ವಿಬಿಸ್ಕ್ರಿಪ್ಟನ್ನು ಮೈಕ್ರೋಸಾಫ್ಟ್ ಕೈಬಿಡುವುದಾಗಿ 2023ರಲ್ಲೇ ಹೇಳಿದೆಯಾದ್ದರಿಂದ ಅದನ್ನು ಈಗ ಹೊಸದಾಗಿ ಕಲಿಯುವುದರಲ್ಲಿ ಅರ್ಥವಿಲ್ಲ. ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಹಳೆಯದು, 1999ರ ಜಾವಾಸ್ಕ್ರಿಪ್ಟ್ ಮಾನಕವನ್ನು ಆಧರಿಸಿದ್ದು. ಈಚೆಗೆ ಯುಎಕ್ಸ್‌ಪಿ ಎಂಬ ಹೊಸ ಜಾವಾಸ್ಕ್ರಿಪ್ಟ್ ವ್ಯವಸ್ಥೆಯೂ ಬಂದಿದೆ. ಹಾಗಿದ್ದರೂ ಕಲಿಯುವವರು ಎಕ್ಸ್‌ಟೆಂಡ್‌ಸ್ಕ್ರಿಪ್ಟ್‌ನಿಂದ ಶುರುಮಾಡಬೇಕು ಎಂದೇ ಹೇಳುತ್ತೇನೆ, ಏಕೆಂದರೆ ಎರಡು ದಶಕಗಳಿಂದ ಜನ ಬರೆದು ಹಂಚಿಕೊಂಡ ಉದಾಹರಣೆಗಳೆಲ್ಲ ಅದರಲ್ಲೇ ಇವೆ. ಕ್ವಾರ್ಕ್‌ಎಕ್ಸ್‌ಪ್ರೆಸ್‌ನಲ್ಲೂ ಜಾವಾಸ್ಕ್ರಿಪ್ಟ್ ಇದೆ. ಮುಕ್ತ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ ಪೈಥಾನ್ ನಡೆಯುತ್ತದೆ. ಅದರ 1.4 ಸರಣಿ ಪೈಥಾನ್ 2ನ್ನೂ 1.6 ಆವೃತ್ತಿ ಪೈಥಾನ್ 3ನ್ನೂ ಬಳಸುವುದರಿಂದ, ಹಳೆಯ ಸ್ಕ್ರಿಪ್ಟೊಂದನ್ನು ಹೊಸ ಆವೃತ್ತಿಯಲ್ಲಿ ನಡೆಸಿ ಮೊದಲ ಸಾಲಿನಲ್ಲೇ ದೋಷ ಬಂದರೆ ಗಾಬರಿಯಾಗಬೇಕಿಲ್ಲ. ಮುಂದಿನ ವಿವರಣೆಗೆ ಇಂಡಿಸೈನ್‌ನನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಆಜ್ಞೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲಿರಬೇಕು. ಎರಡು ಮೂರು ಪದ ಸೇರಿದ ಹೆಸರಾದರೆ ನಡುವೆ ಜಾಗವಿಲ್ಲದೆ, ಎರಡನೆಯ ಪದದಿಂದಾಚೆಗೆ ಪ್ರತಿ ಪದದ ಮೊದಲಕ್ಷರವನ್ನು ಮಾತ್ರ ಕ್ಯಾಪಿಟಲ್‌ನಲ್ಲಿ ಬರೆಯಬೇಕು. ಮುಂದೆ ಬರುವ ಅನ್‌ಡೂಮೋಡ್ಸ್, ನಥಿಂಗ್‌ಇನಮ್‌ನಂಥ ಹೆಸರುಗಳು ಮಾತ್ರ ಮೊದಲ ಪದದಿಂದಲೇ ಕ್ಯಾಪಿಟಲ್‌ನಲ್ಲಿ ಶುರುವಾಗುತ್ತವೆ, ಅವುಗಳ ಬೆಲೆಗಳು ಪೂರ್ತಿ ಕ್ಯಾಪಿಟಲ್‌ನಲ್ಲಿ, ಪದಗಳ ನಡುವೆ ಅಡಿಗೆರೆಯೊಂದಿಗೆ ಇರುತ್ತವೆ. ಈ ಒಂದು ಅಕ್ಷರ ತಪ್ಪಿದರೂ ಸ್ಕ್ರಿಪ್ಟ್ ನಡೆಯುವುದಿಲ್ಲ, ಮತ್ತು ಹೊಸಬರ ದೋಷಗಳಲ್ಲಿ ಅರ್ಧದಷ್ಟು ಇದೇ ಎಂದರೆ ಅತಿಶಯೋಕ್ತಿಯಲ್ಲ.

ಸಲಕರಣೆಯ ಮಾತು ಬೇಗ ಮುಗಿಯುತ್ತದೆ. ವಿಂಡೋ ಮೆನುವಿನ ಯುಟಿಲಿಟೀಸ್ ಅಡಿಯಲ್ಲಿ ಸ್ಕ್ರಿಪ್ಟ್ಸ್ ಪ್ಯಾನಲ್ ಇದೆ. ಅದರಲ್ಲಿನ ಯೂಸರ್ ಎಂಬ ಫೋಲ್ಡರಿನ ಮೇಲೆ ಬಲಕ್ಲಿಕ್ ಮಾಡಿ ಅದನ್ನು ಡಿಸ್ಕಿನಲ್ಲಿ ತೆರೆದು, ನಿಮ್ಮ ಕಡತವನ್ನು ಜೆಎಸ್‌ಎಕ್ಸ್ ಎಂಬ ವಿಸ್ತರಣೆಯೊಂದಿಗೆ ಅಲ್ಲಿ ಇಟ್ಟರೆ ಪ್ಯಾನಲ್‌ನಲ್ಲಿ ಹೆಸರು ಕಾಣಿಸುತ್ತದೆ, ಡಬಲ್‌ಕ್ಲಿಕ್ ಮಾಡಿದರೆ ಓಡುತ್ತದೆ. ಬರೆಯಲು ಯಾವುದೇ ಸಾದಾ ಪಠ್ಯ ಸಂಪಾದಕ ಸಾಕು. ಹಿಂದೆ ಎಲ್ಲರೂ ಬಳಸುತ್ತಿದ್ದ ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ಟೂಲ್‌ಕಿಟ್ 32 ಬಿಟ್‌ನದಾದ್ದರಿಂದ 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದೀಚೆಗೆ ಮ್ಯಾಕ್‌ನಲ್ಲಿ ನಡೆಯುವುದಿಲ್ಲ, ಅದರ ಜಾಗಕ್ಕೆ ವಿಷುವಲ್ ಸ್ಟುಡಿಯೋ ಕೋಡ್‌ನಲ್ಲಿ ದೋಷ ಹುಡುಕಲು ಅಡೋಬಿಯವರದೇ ಡಿಬಗರ್ ಬಂದಿದೆ. ಸ್ಕ್ರಿಪ್ಟಿನೊಳಗೆ ಕನ್ನಡ ಪದಗಳಿದ್ದರೆ ಕಡತವನ್ನು ಯುಟಿಎಫ್-8ರಲ್ಲಿ, ಬಿಒಎಂ (ಕಡತದ ಆರಂಭದಲ್ಲಿ ಎನ್‌ಕೋಡಿಂಗ್ ಸೂಚಿಸುವ ಗುರುತು) ಸಹಿತ ಉಳಿಸಿ. ಇಲ್ಲವಾದರೆ ಕೆಲವೊಮ್ಮೆ ಸಂದೇಶದ ಪೆಟ್ಟಿಗೆಯಲ್ಲಿ ಕನ್ನಡದ ಬದಲು ಗೀಚಿದಂಥ ಚಿಹ್ನೆಗಳು ಕಾಣುತ್ತವೆ. ಫೋಟೋಶಾಪ್‌ನಲ್ಲಿ ಮಾಡಿದ್ದನ್ನು ದಾಖಲಿಸಿಕೊಳ್ಳುವ ಆ್ಯಕ್ಷನ್ಸ್ ಪ್ಯಾನಲ್ ಇದೆಯಲ್ಲ, ಅದರಂಥದ್ದನ್ನು ಇಂಡಿಸೈನ್‌ನಲ್ಲಿ ಹುಡುಕುತ್ತಾ ಸಮಯ ಕಳೆಯಬೇಡಿ.

ಮರದಂತೆ ಕಾಣುವ ಕಡತ

ಪರದೆಯ ಮೇಲೆ ನಮಗೆ ಕಾಣುವುದು ಪುಟ. ಸ್ಕ್ರಿಪ್ಟಿಗೆ ಕಾಣುವುದು ಒಂದರೊಳಗೊಂದು ಇಟ್ಟ ಆಬ್ಜೆಕ್ಟುಗಳ ಸಾಲು. ಬುಡದಲ್ಲಿ ಆ್ಯಪ್, ಎಂದರೆ ತಂತ್ರಾಂಶವೇ. ಅದರೊಳಗೆ ಡಾಕ್ಯುಮೆಂಟ್ಸ್, ಪ್ರತಿ ಡಾಕ್ಯುಮೆಂಟಿನೊಳಗೆ ಒಂದು ಕಡೆ ಪೇಜಸ್, ಇನ್ನೊಂದು ಕಡೆ ಸ್ಟೋರೀಸ್. ಪುಟದಲ್ಲಿ ಫ್ರೇಮುಗಳಿರುತ್ತವೆ, ಸ್ಟೋರಿಯಲ್ಲಿ ಪ್ಯಾರಾಗಳು, ಪದಗಳು, ಅಕ್ಷರಗಳು ಇರುತ್ತವೆ. ಹೊಸಬರು ಎಡವುವುದು ಇಲ್ಲೇ. ನಾವು ಪಠ್ಯ ಫ್ರೇಮಿನೊಳಗಿದೆ ಎಂದುಕೊಂಡಿರುತ್ತೇವೆ, ಆದರೆ ಇಂಡಿಸೈನ್‌ನ ಲೆಕ್ಕದಲ್ಲಿ ಪಠ್ಯ ಸ್ಟೋರಿಗೆ ಸೇರಿದ್ದು. ಫ್ರೇಮುಗಳು ಆ ಪಠ್ಯ ಹರಿದುಹೋಗುವ ಪಾತ್ರೆಗಳು ಮಾತ್ರ. ಒಂದು ಅಧ್ಯಾಯ ಇಪ್ಪತ್ತು ಪುಟಗಳಲ್ಲಿ ಇಪ್ಪತ್ತು ಫ್ರೇಮುಗಳ ಮೂಲಕ ಹರಿದಿದ್ದರೂ ಸ್ಟೋರಿ ಒಂದೇ. ಪ್ಯಾರಾಗಳನ್ನು ಎಣಿಸಬೇಕಾದಾಗ ಫ್ರೇಮ್ ಫ್ರೇಮಿಗೂ ಹೋಗಿ ಎಣಿಸಿದರೆ ಎರಡು ಪುಟಗಳಿಗೆ ಹಂಚಿಹೋದ ಪ್ಯಾರಾ ಎರಡು ಬಾರಿ ಲೆಕ್ಕಕ್ಕೆ ಬರುವುದು ಇದೇ ಕಾರಣಕ್ಕೆ.

ಮೊದಲ ಸಾಲಾಗಿ ಅಲರ್ಟ್ ಎಂಬ ಆಜ್ಞೆಯ ಆವರಣದೊಳಗೆ ಆ್ಯಪ್, ಚುಕ್ಕೆ, ಆ್ಯಕ್ಟಿವ್‌ಡಾಕ್ಯುಮೆಂಟ್, ಚುಕ್ಕೆ, ಸ್ಟೋರೀಸ್, ಚುಕ್ಕೆ, ಲೆಂತ್ ಎಂದು ಬರೆದು ಓಡಿಸಿ. ತೆರೆದ ಕಡತದಲ್ಲಿ ಎಷ್ಟು ಸ್ಟೋರಿಗಳಿವೆ ಎಂಬ ಸಂಖ್ಯೆ ಪೆಟ್ಟಿಗೆಯಲ್ಲಿ ಬರುತ್ತದೆ. ಹತ್ತು ಅಧ್ಯಾಯಗಳ ಪುಸ್ತಕದಲ್ಲಿ ಆ ಸಂಖ್ಯೆ ಹತ್ತರ ಆಸುಪಾಸಿನಲ್ಲಿರಬಹುದೆಂದು ನೀವು ಎಣಿಸಿದ್ದಲ್ಲಿ ನೂರೈವತ್ತು ಬಂದು ಬೆರಗಾಗಬಹುದು. ಪುಟಸಂಖ್ಯೆಯ ಫ್ರೇಮುಗಳು, ಚಿತ್ರಗಳ ಅಡಿಬರಹಗಳು, ಯಾರೋ ಪುಟದ ಹೊರಗೆ ಎಸೆದುಹೋದ ಖಾಲಿ ಫ್ರೇಮುಗಳು, ಒಂದೊಂದೂ ಒಂದು ಸ್ಟೋರಿಯೇ. ಈ ಬೆರಗು ಒಳ್ಳೆಯದು. ನಿಮ್ಮ ಕಡತ ನೀವು ತಿಳಿದಂತಿಲ್ಲ ಎಂಬುದು ಒಂದೇ ಸಾಲಿನಲ್ಲಿ ಗೊತ್ತಾಯಿತಲ್ಲ!

ಓವರ್‌ಸೆಟ್ ಹುಡುಕುವ ಸ್ಕ್ರಿಪ್ಟ್

ಈಗ ಶುರುವಿನಲ್ಲಿ ಹೇಳಿದ ಕೆಂಪು ಕೂಡುಗುರುತಿಗೆ ಬರೋಣ. ಕಡತದ ದೋಷಗಳನ್ನು ಮುದ್ರಣಕ್ಕೆ ಮುನ್ನ ಪಟ್ಟಿಮಾಡುವ ಪ್ರಿಫ್ಲೈಟ್ ಪ್ಯಾನಲ್ ಇದನ್ನು ಹೇಗೂ ತೋರಿಸುತ್ತದೆ, ಮತ್ತೇಕೆ ಸ್ಕ್ರಿಪ್ಟ್ ಎಂದು ಕೇಳಬಹುದು. ಪ್ರಿಫ್ಲೈಟ್ ತೋರಿಸುತ್ತದೆ ಎಂಬ ಕಾರಣಕ್ಕೇ ಇದು ಅಭ್ಯಾಸಕ್ಕೆ ಯೋಗ್ಯವಾದ ಕೆಲಸ, ಏಕೆಂದರೆ ಸರಿಯುತ್ತರ ಪಕ್ಕದಲ್ಲೇ ಇದೆ, ನಿಮ್ಮ ಸ್ಕ್ರಿಪ್ಟಿನ ಉತ್ತರವನ್ನು ಅದಕ್ಕೆ ತಾಳೆ ನೋಡಬಹುದು.

ಕೋಡ್ ಬರೆಯುವ ಮೊದಲು ಕೆಲಸವನ್ನು ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ ನನ್ನದು. ಇಲ್ಲಿ ಅದು ಹೀಗಿರುತ್ತದೆ: ತೆರೆದ ಕಡತದ ಪ್ರತಿ ಸ್ಟೋರಿಯನ್ನೂ ನೋಡು, ಅದು ತುಂಬಿ ಚೆಲ್ಲಿದೆಯೇ ಎಂದು ಕೇಳು, ಚೆಲ್ಲಿದ್ದರೆ ಅದರ ಕೊನೆಯ ಫ್ರೇಮನ್ನು ಹಿಡಿ, ಆ ಫ್ರೇಮ್ ಯಾವ ಪುಟದಲ್ಲಿದೆ ಎಂದು ಕೇಳಿ ಪಟ್ಟಿಗೆ ಸೇರಿಸು, ಎಲ್ಲ ಮುಗಿದ ಮೇಲೆ ಪಟ್ಟಿಯನ್ನು ತೋರಿಸು. ಈ ಐದು ತುಣುಕುಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಸಾಲಿನ ಕೋಡ್ ಸಾಕು. ಪ್ರತಿ ಸ್ಟೋರಿಯನ್ನೂ ನೋಡುವುದಕ್ಕೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್, ಸೊನ್ನೆಯಿಂದ ಎಣಿಕೆ ಶುರು. ಚೆಲ್ಲಿದೆಯೇ ಎಂಬುದಕ್ಕೆ ಸ್ಟೋರಿಯ ಓವರ್‌ಫ್ಲೋಸ್ ಎಂಬ ಪ್ರಾಪರ್ಟಿ (ಗುಣ), ಅದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಫ್ರೇಮುಗಳ ಸಾಲಿಗೆ ಟೆಕ್ಸ್ಟ್‌ಕಂಟೇನರ್ಸ್, ಅದರ ಕೊನೆಯದನ್ನು ಹಿಡಿಯಲು ಲೆಂತ್‌ನಿಂದ ಒಂದು ಕಳೆಯಬೇಕು. ಪುಟಕ್ಕೆ ಪೇರೆಂಟ್‌ಪೇಜ್, ಪುಟದ ಅಂಕಿಗೆ ಅದರ ನೇಮ್.

ಹೀಗೆ ಬರೆದು ಓಡಿಸಿದ ಮೊದಲ ಸಲ ಬಹುಶಃ ವರದಿ ಬರುವುದಿಲ್ಲ, ನಲ್ (ಏನೂ ಇಲ್ಲ) ಎಂಬುದು ಆಬ್ಜೆಕ್ಟ್ ಅಲ್ಲ ಎಂಬ ದೋಷ ಬರುತ್ತದೆ. ಕಾರಣ, ತುಂಬಿ ಚೆಲ್ಲಿದ ಫ್ರೇಮುಗಳಲ್ಲೊಂದು ಪುಟದ ಹೊರಗೆ, ಪೇಸ್ಟ್‌ಬೋರ್ಡಿನ ಮೇಲಿದೆ. ಅದಕ್ಕೆ ಪುಟವೇ ಇಲ್ಲದ್ದರಿಂದ ಪೇರೆಂಟ್‌ಪೇಜ್ ಎಂದು ಕೇಳಿದಾಗ ನಲ್ ಎಂಬ ಉತ್ತರ ಬಂತು, ಇಲ್ಲದ ಪುಟದ ಹೆಸರನ್ನು ಕೇಳಿದಾಗ ಸ್ಕ್ರಿಪ್ಟ್ ನಿಂತಿತು. ಪುಟ ನಲ್ ಆಗಿದ್ದರೆ ಪೇಸ್ಟ್‌ಬೋರ್ಡ್ ಎಂದು ಬರೆ, ಇಲ್ಲವಾದರೆ ಪುಟದ ಹೆಸರನ್ನು ಬರೆ ಎಂಬ ಒಂದು ಇಫ್ ಸೇರಿಸಿದರೆ ದೋಷ ಹೋಗುತ್ತದೆ. ಇಂಥಲ್ಲಿ ಇಡೀ ಸ್ಕ್ರಿಪ್ಟನ್ನು ಟ್ರೈ ಮತ್ತು ಕ್ಯಾಚ್‌ಗಳ ನಡುವೆ ಸುತ್ತಿ ದೋಷವನ್ನು ನುಂಗಿಸಿಬಿಡುವುದು ಅನೇಕರ ರೂಢಿ. ಕಲಿಯುವ ಹಂತದಲ್ಲಿ ಅದನ್ನು ಖಂಡಿತ ಮಾಡಬೇಡಿ. ದೋಷದ ಪೆಟ್ಟಿಗೆ ಎಷ್ಟನೆಯ ಸಾಲಿನಲ್ಲಿ ನಿಂತಿತು ಎಂದು ಹೇಳುತ್ತದೆ, ಆ ಸಾಲಿನ ಮಾಹಿತಿಯೇ ನಿಮ್ಮ ಗುರು.

ಈಗ ಪ್ರಿಫ್ಲೈಟ್‌ನೊಂದಿಗೆ ತಾಳೆ ನೋಡಿ. ಕೋಷ್ಟಕಗಳಿರುವ ಕಡತವಾದರೆ ನಿಮ್ಮ ಪಟ್ಟಿ ಚಿಕ್ಕದಾಗಿರಬಹುದು, ಏಕೆಂದರೆ ಕೋಷ್ಟಕದ ಕೋಶದೊಳಗೆ ಪಠ್ಯ ಅಡಗಿದಾಗ ಸ್ಟೋರಿ ಚೆಲ್ಲುವುದಿಲ್ಲ, ಆ ಕೋಶಕ್ಕೆ ತನ್ನದೇ ಓವರ್‌ಫ್ಲೋಸ್ ಇದೆ. ಸ್ಟೋರಿಯ ಟೇಬಲ್ಸ್, ಅದರ ಸೆಲ್ಸ್ ಎಂದು ಇನ್ನೊಂದು ಲೂಪ್ ಒಳಗೆ ಇಳಿಯಬೇಕು. ಇದನ್ನು ನೀವೇ ಸೇರಿಸಿ ನೋಡಿ, ಮರದ ಕೊಂಬೆಯಿಂದ ಕೊಂಬೆಗೆ ಇಳಿಯುವ ರೀತಿ ಅಲ್ಲಿಗೆ ಕೈವಶವಾಗುತ್ತದೆ. ಮುಂದೆ ಇದೇ ಅಚ್ಚಿನಲ್ಲಿ ಸಂಪರ್ಕ ತಪ್ಪಿದ ಲಿಂಕುಗಳು, ಎಫೆಕ್ಟಿವ್‌ಪಿಪಿಐ (ಪುಟದಲ್ಲಿಟ್ಟ ಅಳತೆಯಲ್ಲಿ ಅಂಗುಲಕ್ಕೆ ಬರುವ ಪಿಕ್ಸೆಲ್‌ಗಳ ಸಂಖ್ಯೆ) 300ಕ್ಕಿಂತ ಕಡಿಮೆಯಿರುವ ಚಿತ್ರಗಳು, ಒಮ್ಮೆಯೂ ಬಳಸದ ಪ್ಯಾರಾ ಸ್ಟೈಲುಗಳು ಎಂದು ವರದಿಗಳನ್ನು ಬೆಳೆಸುತ್ತಾ ಹೋಗಬಹುದು.

ಸ್ಕ್ರೈಬಸ್ ಬಳಸುವವರು ಇದನ್ನೇ ಬೇರೆ ದಾರಿಯಲ್ಲಿ ಮಾಡುತ್ತಾರೆ. ಅಲ್ಲಿ ಆಬ್ಜೆಕ್ಟುಗಳ ಮರಕ್ಕಿಂತ ಹೆಸರು ಹಿಡಿದು ಕರೆಯುವ ಫಂಕ್ಷನ್‌ಗಳೇ ಮುಖ್ಯ. ಹ್ಯಾವ್‌ಡಾಕ್‌ನಿಂದ ಕಡತ ತೆರೆದಿದೆಯೇ ಎಂದು ಕೇಳಿ, ಪೇಜ್‌ಕೌಂಟ್‌ನಷ್ಟು ಸಲ ಗೋಟುಪೇಜ್‌ನಿಂದ ಪುಟಕ್ಕೆ ಹೋಗಿ, ಗೆಟ್‌ಪೇಜ್‌ಐಟಮ್ಸ್ ಕೊಡುವ ಪಟ್ಟಿಯಲ್ಲಿ ಬಗೆ 4 ಎಂದಿರುವ ಪಠ್ಯ ಫ್ರೇಮುಗಳನ್ನು ಮಾತ್ರ ಆರಿಸಿ, ಪ್ರತಿಯೊಂದರ ಹೆಸರನ್ನೂ ಟೆಕ್ಸ್ಟ್‌ಓವರ್‌ಫ್ಲೋಸ್‌ಗೆ ಕೊಟ್ಟು ಸೊನ್ನೆಗಿಂತ ಹೆಚ್ಚು ಬಂದದ್ದನ್ನು ಪಟ್ಟಿಮಾಡಬೇಕು. ಪುಟಗಳ ಎಣಿಕೆ ಇಲ್ಲಿ ಒಂದರಿಂದ ಶುರುವಾಗುತ್ತದೆ, ಪೈಥಾನ್‌ನ ರೇಂಜ್ ಕೊನೆಯ ಸಂಖ್ಯೆಯನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಪುಟಗಳ ಒಟ್ಟು ಸಂಖ್ಯೆಗೆ ಒಂದು ಕೂಡಿಸದಿದ್ದರೆ ಕೊನೆಯ ಪುಟ ಸದ್ದಿಲ್ಲದೆ ತಪ್ಪಿಹೋಗುತ್ತದೆ.

ತಿದ್ದುವ ಸ್ಕ್ರಿಪ್ಟಿಗೆ ಕೈಹಾಕುವಾಗ

ಕಡತವನ್ನು ತಿದ್ದುವ ಮೊದಲ ಸ್ಕ್ರಿಪ್ಟನ್ನು ಪ್ರತಿಯ ಮೇಲೆ ಓಡಿಸಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ಕಡಿಮೆ ಗೊತ್ತಿರುವ ಸಂಗತಿ, ಸ್ಕ್ರಿಪ್ಟ್ ಮಾಡಿದ ಸಾವಿರ ಬದಲಾವಣೆಗಳು ಅನ್‌ಡೂ ಸಾಲಿನಲ್ಲಿ ಬೇರೆಬೇರೆಯಾಗಿ ಕೂರುತ್ತವೆ ಎಂಬುದು. ಕೆಲಸವನ್ನೆಲ್ಲ ಒಂದು ಫಂಕ್ಷನ್ನಿನೊಳಗಿಟ್ಟು ಆ್ಯಪ್‌ನ ಡೂಸ್ಕ್ರಿಪ್ಟ್ ಮೂಲಕ, ಅನ್‌ಡೂಮೋಡ್ಸ್‌ನ ಎಂಟೈರ್ ಸ್ಕ್ರಿಪ್ಟ್ ಎಂಬ ಆಯ್ಕೆಯೊಂದಿಗೆ ಕರೆದರೆ ಎಲ್ಲವೂ ಒಂದೇ ಹೆಜ್ಜೆಯಾಗಿ, ಒಂದೇ ಅನ್‌ಡೂಗೆ ಹಿಂದಿರುಗುತ್ತದೆ.

ಅಭ್ಯಾಸಕ್ಕೆ ಖಾಲಿ ಪ್ಯಾರಾಗಳನ್ನು ಅಳಿಸುವ ಕೆಲಸವನ್ನು ತೆಗೆದುಕೊಳ್ಳಿ. ಅಕ್ಷರಗಳ ಮಾದರಿಯನ್ನು ಕೊಟ್ಟು ಹುಡುಕುವ ಗ್ರೆಪ್ ಹುಡುಕಾಟದಿಂದ ಇದು ಇನ್ನೂ ಬೇಗ ಆಗುತ್ತದೆ ನಿಜ, ಆದರೆ ಇದರಲ್ಲಿ ಕಲಿಯುವುದು ಎರಡಿದೆ. ಮೊದಲನೆಯದಾಗಿ, ಖಾಲಿ ಪ್ಯಾರಾ ನಿಜಕ್ಕೂ ಖಾಲಿಯಲ್ಲ. ಅದರ ಕಂಟೆಂಟ್ಸ್‌ನಲ್ಲಿ ರಿಟರ್ನ್ ಎಂಬ ಒಂದು ಅಕ್ಷರ ಇದ್ದೇ ಇರುತ್ತದೆ, ಆದ್ದರಿಂದ ಉದ್ದ ಸೊನ್ನೆಯೇ ಎಂದು ಕೇಳಿದರೆ ಒಂದೂ ಸಿಗುವುದಿಲ್ಲ, ಆ ರಿಟರ್ನ್‌ಗೆ ಸಮವೇ ಎಂದು ಕೇಳಬೇಕು. ಎರಡನೆಯದು ಇನ್ನೂ ಮುಖ್ಯ. ಮೂರನೆಯ ಪ್ಯಾರಾವನ್ನು ಅಳಿಸಿದ ಕ್ಷಣವೇ ನಾಲ್ಕನೆಯದು ಮೂರನೆಯದಾಗುತ್ತದೆ, ಲೂಪ್ ಮಾತ್ರ ನಾಲ್ಕಕ್ಕೆ ಮುಂದುವರಿಯುತ್ತದೆ, ನಡುವಿನದು ನೋಡದೆಯೇ ಉಳಿಯುತ್ತದೆ. ಸಾಲಾಗಿ ಎರಡು ಖಾಲಿ ಪ್ಯಾರಾಗಳಿದ್ದಲ್ಲಿ ಒಂದು ಮಾತ್ರ ಹೋಗಿ ಇನ್ನೊಂದು ಉಳಿದಿದ್ದರೆ ಕಾರಣ ಇದೇ. ಮದ್ದು ಸರಳ, ಕೊನೆಯಿಂದ ಮೊದಲಿಗೆ ಎಣಿಸಿಕೊಂಡು ಬನ್ನಿ. ಅಳಿಸುವ, ಸೇರಿಸುವ ಯಾವ ಕೆಲಸವಾದರೂ ಹಿಂದಿನಿಂದ ಮುಂದಕ್ಕೆ ಎಂಬುದು ಕೈಗೆ ಅಭ್ಯಾಸವಾಗಿಬಿಡಬೇಕು.

ಇನ್ನೊಂದು ಹಳ್ಳ ಕಂಟೆಂಟ್ಸ್‌ನದೇ. ಪ್ಯಾರಾದ ಕಂಟೆಂಟ್ಸ್ ಓದಿ, ಜಾವಾಸ್ಕ್ರಿಪ್ಟಿನ ರಿಪ್ಲೇಸ್‌ನಿಂದ ಎರಡು ಸ್ಪೇಸುಗಳನ್ನು ಒಂದಾಗಿಸಿ, ಮರಳಿ ಅದಕ್ಕೇ ತುಂಬುವುದು ಬಹಳ ಸಹಜವಾಗಿ ಹೊಳೆಯುವ ದಾರಿ, ಮತ್ತು ಬಹಳ ದುಬಾರಿಯಾದದ್ದು. ಕಂಟೆಂಟ್ಸ್ ಎಂದರೆ ಬೋಳು ಪಠ್ಯ. ಅದನ್ನು ಮರಳಿ ತುಂಬಿದಾಗ ಪ್ಯಾರಾದ ಒಳಗಿನ ಇಟಾಲಿಕ್, ಬೋಲ್ಡ್, ಕ್ಯಾರೆಕ್ಟರ್ ಸ್ಟೈಲುಗಳೆಲ್ಲ ಹೋಗಿ ಇಡೀ ಪ್ಯಾರಾ ಮೊದಲಕ್ಷರದ ರೂಪವನ್ನು ತಾಳುತ್ತದೆ, ಅಡಿಟಿಪ್ಪಣಿಗಳೂ ನಾಶವಾಗಬಹುದು. ಓದುವುದಕ್ಕೆ ಕಂಟೆಂಟ್ಸ್, ತಿದ್ದುವುದಕ್ಕೆ ಚೇಂಜ್‌ಗ್ರೆಪ್ ಎಂದು ನೆನಪಿಡಿ. ಚೇಂಜ್‌ಗ್ರೆಪ್ ಬೇಕಾದಷ್ಟು ಅಕ್ಷರಗಳನ್ನು ಮಾತ್ರ ಬದಲಿಸಿ ಉಳಿದುದರ ರೂಪವನ್ನು ಹಾಗೇ ಬಿಡುತ್ತದೆ.

ಚೇಂಜ್‌ಗ್ರೆಪ್‌ಗೂ ತನ್ನದೊಂದು ಚಾಳಿಯಿದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಹಿಂದಿನ ಬಾರಿ ಇಟ್ಟ ಆಯ್ಕೆಗಳನ್ನೆಲ್ಲ ಅದು ನೆನಪಿಟ್ಟುಕೊಂಡಿರುತ್ತದೆ. ನಾನೊಮ್ಮೆ ಶೀರ್ಷಿಕೆಗಳ ಸ್ಟೈಲಿನಲ್ಲಷ್ಟೇ ಏನನ್ನೋ ಹುಡುಕಿ, ಆ ಆಯ್ಕೆಯನ್ನು ಅಳಿಸದೆ, ಮರುಕ್ಷಣ ಎರಡು ಸ್ಪೇಸು ತೆಗೆಯುವ ಸ್ಕ್ರಿಪ್ಟನ್ನು ಓಡಿಸಿದೆ. ಅದು ಶೀರ್ಷಿಕೆಗಳಲ್ಲಿ ಮಾತ್ರ ಕೆಲಸ ಮಾಡಿ ಮುಗಿಯಿತು ಎಂದಿತು, ನಾನೂ ನಂಬಿದೆ, ಕರಡು ತಿದ್ದುವವರ ಕೆಂಪು ಗೆರೆಗಳು ಬಂದ ಮೇಲೆಯೇ ಗೊತ್ತಾದದ್ದು. ಅಂದಿನಿಂದ ಫೈಂಡ್‌ಗ್ರೆಪ್‌ಪ್ರಿಫರೆನ್ಸಸ್, ಚೇಂಜ್‌ಗ್ರೆಪ್‌ಪ್ರಿಫರೆನ್ಸಸ್ ಎರಡಕ್ಕೂ ನಥಿಂಗ್‌ಇನಮ್‌ನ ನಥಿಂಗ್ ಎಂಬ ಬೆಲೆಯನ್ನು ಕೆಲಸದ ಮೊದಲೂ ಆಮೇಲೂ ಕೊಡುತ್ತೇನೆ. ಅಡಿಟಿಪ್ಪಣಿಗಳನ್ನು ಸೇರಿಸಬೇಕೇ, ಮಾಸ್ಟರ್ ಪುಟಗಳನ್ನು ಸೇರಿಸಬೇಕೇ ಎಂಬ ಆಯ್ಕೆಗಳು ಫೈಂಡ್‌ಚೇಂಜ್‌ಗ್ರೆಪ್‌ಆಪ್ಷನ್ಸ್‌ನಲ್ಲಿ ಬೇರೆಯಾಗಿವೆ, ಅವನ್ನೂ ಸ್ಕ್ರಿಪ್ಟಿನಲ್ಲೇ ಬರೆದಿಡುವುದು ಕ್ಷೇಮ.

ಅಳತೆಗಳ ವಿಷಯದಲ್ಲಿ ಎರಡೇ ಮಾತು. ಫ್ರೇಮಿನ ಜಿಯೋಮೆಟ್ರಿಕ್‌ಬೌಂಡ್ಸ್‌ನಲ್ಲಿ ನಾಲ್ಕು ಸಂಖ್ಯೆಗಳು ಮೇಲೆ, ಎಡ, ಕೆಳಗೆ, ಬಲ ಎಂಬ ಕ್ರಮದಲ್ಲಿರುತ್ತವೆ, ಎಡದಿಂದ ಶುರುವಾಗುವುದಿಲ್ಲ. ಮತ್ತು ಬಳಕೆದಾರರ ರೂಲರ್ ಮಿಲಿಮೀಟರಿನಲ್ಲಿದ್ದರೆ 72 ಎಂಬುದು 72 ಮಿಲಿಮೀಟರ್, ಪಾಯಿಂಟಿನಲ್ಲಿದ್ದರೆ ಒಂದು ಅಂಗುಲ. ಸ್ಕ್ರಿಪ್ಟ್‌ಪ್ರಿಫರೆನ್ಸಸ್‌ನ ಮೆಷರ್‌ಮೆಂಟ್‌ಯುನಿಟ್‌ಗೆ ಮೊದಲೇ ಪಾಯಿಂಟ್ಸ್ ಎಂದು ಹೇಳಿಬಿಟ್ಟರೆ ಈ ತಲೆಬಿಸಿ ಇರುವುದಿಲ್ಲ.

ಕನ್ನಡ ಪಠ್ಯದ ಮೇಲೆ ಸ್ಕ್ರಿಪ್ಟ್ ಓಡಿಸುವವರು ಇನ್ನೂ ಒಂದನ್ನು ಗಮನಿಸಬೇಕು. ಕ್ಷಮೆ ಎಂಬ ಪದದಲ್ಲಿ ನಮಗೆ ಕಾಣುವುದು ಎರಡು ಅಕ್ಷರ, ಸ್ಕ್ರಿಪ್ಟಿಗೆ ಕಾಣುವುದು ಐದು: ಕಕಾರ, ಹಲಂತ ಚಿಹ್ನೆ, ಷಕಾರ, ಮಕಾರ, ಎತ್ವ. ಮೊದಲ ಅಕ್ಷರಕ್ಕೆ ಬಣ್ಣ ಕೊಡು ಎಂದರೆ ಬರೀ ಕಕಾರವನ್ನು ಹಿಡಿಯುತ್ತದೆ, ಹತ್ತು ಅಕ್ಷರಕ್ಕೆ ಶೀರ್ಷಿಕೆ ಕತ್ತರಿಸು ಎಂದರೆ ಒತ್ತಕ್ಷರದ ನಡುವೆ ಕತ್ತರಿ ಬೀಳಬಹುದು. ಯೂನಿಕೋಡಿನಲ್ಲಿ 48ರಿಂದ 57ರವರೆಗೆ ಸಾಮಾನ್ಯ ಅಂಕಿಗಳು, 3302ರಿಂದ 3311ರವರೆಗೆ ಕನ್ನಡ ಅಂಕಿಗಳು ಇವೆ. ಒಂದರಿಂದ ಇನ್ನೊಂದಕ್ಕೆ ಹೋಗಲು 3254 ಕೂಡಿಸಿದರೆ ಸಾಕು ಎಂಬುದು ಒಳ್ಳೆಯ ಅಭ್ಯಾಸದ ಲೆಕ್ಕ. ಆದರೆ ಕಡತ ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿದ್ದರೆ ಇದ್ಯಾವುದೂ ನಡೆಯದು. ಪರದೆಯಲ್ಲಿ ಕನ್ನಡ ಕಂಡರೂ ಸ್ಕ್ರಿಪ್ಟ್ ಓದುವುದು ಇಂಗ್ಲಿಷ್ ಅಕ್ಷರ ಚಿಹ್ನೆಗಳ ರಾಶಿಯನ್ನು. ಹುಡುಕಾಟ ಶುರುಮಾಡುವ ಮುನ್ನ ಒಂದು ಪದದ ಕಂಟೆಂಟ್ಸ್ ಅನ್ನು ಅಲರ್ಟ್‌ನಲ್ಲಿ ತೋರಿಸಿ ನೋಡಿದರೆ ತಕ್ಷಣ ತಿಳಿಯುತ್ತದೆ.

ಜಾಲದಲ್ಲಿ ಸಿಗುವ ಅಥವಾ ಕೃತಕ ಬುದ್ಧಿಮತ್ತೆ ಬರೆದುಕೊಡುವ ಕೋಡನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಹೊಸ ಜಾವಾಸ್ಕ್ರಿಪ್ಟಿನ ಬಾಣದ ಫಂಕ್ಷನ್‌ಗಳು, ಫಾರ್‌ಈಚ್, ಟ್ರಿಮ್, ಜೇಸನ್ ಇತ್ಯಾದಿಗಳು ನುಸುಳಿರುತ್ತವೆ, ಎಕ್ಸ್‌ಟೆಂಡ್‌ಸ್ಕ್ರಿಪ್ಟಿಗೆ ಅವು ಗೊತ್ತೇ ಇಲ್ಲ. ಕೆಲವೊಮ್ಮೆ ಇಂಡಿಸೈನ್‌ನಲ್ಲಿ ಇಲ್ಲದ ಮೆಥಡ್‌ನ ಹೆಸರೂ ಕೇಳಲು ಸರಿಯೆನಿಸುವಂತೆ ಬಂದಿರುತ್ತದೆ. ಆಬ್ಜೆಕ್ಟುಗಳನ್ನೂ ಅವುಗಳ ಆಜ್ಞೆಗಳನ್ನೂ ವಿವರಿಸುವ ಆಬ್ಜೆಕ್ಟ್ ಮಾಡೆಲ್‌ನ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ನೋಡದೆ ಮುಂದುವರಿಯಬೇಡಿ. ಇದಕ್ಕಿಂತ ನಂಬಿಕೆಗೆ ಯೋಗ್ಯವಾದ ಪಾಠ ಸ್ಕ್ರಿಪ್ಟ್ಸ್ ಪ್ಯಾನಲ್‌ನಲ್ಲೇ ಕೊಟ್ಟಿರುವ ಮಾದರಿ ಸ್ಕ್ರಿಪ್ಟುಗಳು. ಅದರಲ್ಲೂ ಫೈಂಡ್‌ಚೇಂಜ್‌ಬೈಲಿಸ್ಟ್ ಎಂಬುದನ್ನು ಸಾಲು ಸಾಲಾಗಿ ಓದಿ, ಪಕ್ಕದ ಪಠ್ಯ ಕಡತದಿಂದ ಹುಡುಕಾಟಗಳನ್ನು ಒಂದೊಂದಾಗಿ ಓದಿ ನಡೆಸುವ ಅದರ ಕ್ರಮ ನಿಮ್ಮ ಮುಂದಿನ ಎಷ್ಟೋ ಸ್ಕ್ರಿಪ್ಟುಗಳಿಗೆ ಅಸ್ಥಿಪಂಜರವಾಗಬಲ್ಲದು. ಹಾಗೆಯೇ, ಮಾದರಿಗೆ ಹೊಂದುವ ಪಠ್ಯಕ್ಕೆ ತಾನಾಗಿ ರೂಪ ಕೊಡುವ ಗ್ರೆಪ್ ಸ್ಟೈಲಿನಿಂದಲೋ ಪಟ್ಟಿಯಿಂದ ಮಾಹಿತಿ ತುಂಬುವ ಡೇಟಾ ಮರ್ಜ್‌ನಿಂದಲೋ ಆಗುವ ಕೆಲಸಕ್ಕೆ ಸ್ಕ್ರಿಪ್ಟ್ ಬರೆಯುವುದು ಹುಮ್ಮಸ್ಸಿನ ದಿನಗಳ ಸಾಮಾನ್ಯ ತಪ್ಪು, ನಾನೂ ಮಾಡಿದ್ದೇನೆ.

ಸ್ಕ್ರಿಪ್ಟನ್ನು ಜೊತೆಗಾರರಿಗೆ ಕೊಡುವ ಹೊತ್ತಿಗೆ ಅದರ ತಲೆಯಲ್ಲಿ ಕಡತ ತೆರೆದಿದೆಯೇ ಎಂಬ ಪ್ರಶ್ನೆಯೂ, ಕಾಲಲ್ಲಿ ಎಷ್ಟು ಕಡೆ ಬದಲಾಯಿತು ಎಂಬ ಲೆಕ್ಕವೂ ಇರಲಿ. ಚೇಂಜ್‌ಗ್ರೆಪ್ ತಾನು ಬದಲಿಸಿದ ತುಣುಕುಗಳ ಪಟ್ಟಿಯನ್ನೇ ಹಿಂದಿರುಗಿಸುವುದರಿಂದ ಅದರ ಲೆಂತ್ ಕೇಳಿದರೆ ಲೆಕ್ಕ ಸಿಕ್ಕಿತು. ಆಮೇಲೆ ಅದೇ ಕಡತದ ಮೇಲೆ ಸ್ಕ್ರಿಪ್ಟನ್ನು ಎರಡನೆಯ ಸಲ ಓಡಿಸಿ. ಎರಡು ಸ್ಪೇಸನ್ನು ಒಂದಾಗಿಸುವ ಸ್ಕ್ರಿಪ್ಟ್ ಎರಡನೆಯ ಸಲ ಸೊನ್ನೆ ಎನ್ನಬೇಕು. ಏಳು ಎಂದರೆ, ಎಲ್ಲೋ ಮೂರು ಸ್ಪೇಸುಗಳು ಎರಡಾಗಿ ನಿಂತಿದ್ದವು ಎಂದರ್ಥ. ಗ್ರೆಪ್‌ನಲ್ಲಿ ಎರಡು ಸ್ಪೇಸು ಎಂದು ಬರೆದಲ್ಲಿ ಎರಡು ಅಥವಾ ಹೆಚ್ಚು ಎಂದು ತಿದ್ದಿ, ಕಡತದ ಹೊಸ ಪ್ರತಿ ತೆಗೆದುಕೊಂಡು ಮತ್ತೆ ಓಡಿಸಿ.